ನಲವತ್ತು ಸೆಕೆಂಡಿನ ಸಿಸ್ಟ್ರಮ್ಮ

ಐದು ಪುಟ ಬರೆದು ತಂದಿದ್ದ ಕಾಗದವನ್ನು ನನ್ನ ಮೇಜಿನ ಮೇಲಿಟ್ಟು, “ಇದನ್ನ ಒಂದು ಪುಟ ಮಾಡಿಕೊಡ್ರಿ ಮಾಸ್ತರ್ರೆ. ಆದ್ರೆ ಒಂದು ಮಾತೂ ಬಿಡಬ್ಯಾಡ್ರಿ” ಎಂದರು. ಸಿಸ್ಟ್ರಮ್ಮನನ್ನು ನಾನು ಮೊದಲು ನೋಡಿದ್ದು ಹಾಗೆ.

ಎಂಬತ್ತರ ದಶಕದ ನಡುವಿನ ಮಾತು. ದಾವಣಗೆರೆಯ ಮಂಡಿಪೇಟೆಯಲ್ಲಿ ಒಂದು ಬೆಲ್ಲದ ಅಂಗಡಿಗೂ ಒಂದು ಮೆಣಸಿನಕಾಯಿ ಮಂಡಿಗೂ ನಡುವೆ ಸಂದಿಯಂಥ ದಾರಿ, ಅದರೊಳಗೆ ಹದಿನೇಳು ಕಲ್ಲಿನ ಮೆಟ್ಟಿಲು. ಹತ್ತಿದರೆ ಮೇಲೆ ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟು. ಆರು ಇಂಗ್ಲಿಷ್ ಮಷಿನ್ನು, ಎರಡು ಕನ್ನಡದ್ದು. ಬೆಳಿಗ್ಗೆ ಸಂಜೆ ಹುಡುಗ ಹುಡುಗಿಯರು ಕಲಿಯಲು ಬರುತ್ತಿದ್ದರು. ನಡುಹಗಲಿನಲ್ಲಿ ನಾನು ಊರಿನವರ ಅರ್ಜಿ, ತಕರಾರು, ವಕೀಲರ ನೋಟೀಸು ಹೊಡೆದುಕೊಡುತ್ತಿದ್ದೆ.

ಸಿಸ್ಟ್ರಮ್ಮ ಸರ್ಕಾರಿ ದವಾಖಾನೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಹರಿಹರದವರು, ಆಗಲೂ ಮನೆ ಅಲ್ಲೇ. ಹೊಲಮನೆ ಇದ್ದ ಶಿವಭಕ್ತರ ಕುಟುಂಬ. ಮದುವೆಯಾದ ಮೂರೇ ವರ್ಷಕ್ಕೆ ಗಂಡ ತೀರಿಕೊಂಡ ಮೇಲೆ ನರ್ಸ್ ತರಬೇತಿಗೆ ಹೋಗುತ್ತೇನೆ ಎಂದಾಗ ಮನೆಯವರು ಎರಡು ವರ್ಷ ಮಾತು ಬಿಟ್ಟಿದ್ದರಂತೆ. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಲಿಲ್ಲ. ನಾನೂ ಕರೆಯಲಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಕೆಲಸ ಬಿಟ್ಟ ಮೇಲೂ ನರ್ಸುಗಳು ಎದೆಯ ಮೇಲೆ ಸಿಕ್ಕಿಸಿಕೊಳ್ಳುವ ಗಡಿಯಾರವನ್ನು ಅವರು ಬಿಟ್ಟಿರಲಿಲ್ಲ. ಯಾರ ಜೊತೆ ಮಾತಾಡುವಾಗಲೂ ಕೈ ಹಿಡಿದುಕೊಂಡೇ ಮಾತಾಡುವ ಅಭ್ಯಾಸ. ಪ್ರೀತಿಗೆ ಎಂದು ನಾವು ತಿಳಿದಿದ್ದೆವು. ನಾಡಿ ನೋಡುತ್ತಿದ್ದರು ಎಂದು ಗೊತ್ತಾಗಲು ನನಗೆ ಎಷ್ಟೋ ತಿಂಗಳು ಹಿಡಿಯಿತು.

ಆ ಐದು ಪುಟದ ಕಾಗದ ಬೆಂಗಳೂರಿನ ಟಿ.ವಿ. ಕೇಂದ್ರಕ್ಕೆ ಬರೆದದ್ದು. ನಮ್ಮೂರಿನ ಒಂದು ಹತ್ತಿ ಮಿಲ್ಲಿನಲ್ಲಿ ಅರಳೆ ಬಿಡಿಸುವ, ಹಿಂಜುವ ಖಾತೆಗಳಲ್ಲಿ ಹದಿನೈದು ಇಪ್ಪತ್ತು ವರ್ಷ ದುಡಿದವರಿಗೆ ಎದೆ ಕಟ್ಟುತ್ತಿತ್ತು. ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ದಿನ ಉಸಿರು ಸಿಗುತ್ತಿರಲಿಲ್ಲ. ವರ್ಷ ಕಳೆದಂತೆ ಯಾವ ದಿನವೂ ಸಿಗುತ್ತಿರಲಿಲ್ಲ. ಮಿಲ್ಲಿನವರು ಬೀಡಿಯ ಕೆಮ್ಮು ಎನ್ನುತ್ತಿದ್ದರು. ದವಾಖಾನೆಯ ಚೀಟಿಯಲ್ಲಿ ‘ಉಬ್ಬಸ’ ಎಂದಷ್ಟೇ ಬರೆಯುತ್ತಿದ್ದರು. “ಇಪ್ಪತ್ತಾರು ವರ್ಷ ಈ ಎದೆಗಳ ಮ್ಯಾಲೆ ಕೈ ಇಟ್ಟು ನೋಡೀನಿ ಮಾಸ್ತರ್ರೆ. ಬೀಡಿ ಮುಟ್ಟದೋರೂ ಹಿಂಗೇ ಸಾಯ್ತಾರ. ಇದು ಹತ್ತಿ ದೂಳು” ಎಂದು ಅವರು ಹೇಳಿದಾಗ, ಕೆಳಗಿನ ಮಂಡಿಯ ಮೆಣಸಿನಕಾಯಿ ಘಾಟಿಗೆ ನಾನು ಕೆಮ್ಮುತ್ತಿದ್ದೆ.

ಐದು ಪುಟವನ್ನು ಒಂದು ಪುಟ ಮಾಡಿದೆ. ಉತ್ತರ ಬರಲಿಲ್ಲ. ಮತ್ತೆ ಬರೆದರು, ಮತ್ತೆ ಹೊಡೆದೆ. ಪತ್ರಿಕೆಗಳಲ್ಲಿ ಮೂಲೆಯೊಂದರಲ್ಲಿ ಎರಡು ಸಲ ಸುದ್ದಿ ಬಂದಿತ್ತು, ಯಾರೂ ತಲೆ ಎತ್ತಿರಲಿಲ್ಲ. ಟಿ.ವಿ.ಯೇ ಯಾಕೆ ಎಂದು ನಾನು ಕೇಳಿದ್ದುಂಟು. ಊರಿಗೆ ಟಿ.ವಿ. ಬಂದು ಬಹಳ ದಿನ ಆಗಿರಲಿಲ್ಲ. ಇದ್ದವರ ಮನೆಯ ಕಿಟಕಿಗೆ ಇಲ್ಲದವರೆಲ್ಲ ಜೋತುಬೀಳುತ್ತಿದ್ದ ಕಾಲ. “ಪೇಪರು ಓದೋರು ಓದಿ ಮಡಚಿ ಇಡ್ತಾರ. ಮಂತ್ರಿ ತನ್ನ ಮಕ ನೋಡಾಕ ಸಂಜೆ ವಾರ್ತೆ ಮುಂದೆ ಕುಂತೇ ಕುಂತಿರ್ತಾನ. ಅವನ ಮಕದ ಹಿಂದೇನೇ ನಮ್ಮೋರ ಮಕ ಬರಬೇಕು” ಎಂದರು.

ಕಡೆಗೆ ತಾವೇ ಬೆಂಗಳೂರಿಗೆ ಹೋದರು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತ ಮೇಲೆ ವಾರ್ತಾವಿಭಾಗದ ಒಬ್ಬ ಹಿರಿಯರು ಕರೆದು ಕೂರಿಸಿ ಮಾತಾಡಿದರಂತೆ. ಒಳ್ಳೆಯ ಮನುಷ್ಯ. “ಅಮ್ಮಾ, ನಿಮ್ಮ ಕಾಗದ ಎರಡು ಸಲ ಓದಿದ್ದೀನಿ. ನಂಬಿದ್ದೀನಿ ಕೂಡ. ಆದರೆ ಇದರಲ್ಲಿ ತೋರಿಸೋದಕ್ಕೆ ಏನಿದೆ ಹೇಳಿ? ನನಗೆ ಸಿಗೋದು ನಲವತ್ತು ಸೆಕೆಂಡು. ಮಿಲ್ಲಿನ ಒಳಗೆ ಬಿಡಲ್ಲ. ಗೇಟು ತೋರಿಸಲಾ? ಗೇಟು ಕೆಮ್ಮೋದಿಲ್ಲವಲ್ಲ” ಎಂದರಂತೆ. ಮತ್ತೊಂದು ವಿಷಯವನ್ನೂ ಅವರೇ ಹೇಳಿದ್ದು: ಕ್ಯಾಮೆರಾದವರನ್ನು ದಾವಣಗೆರೆಯಂಥ ದೂರದ ಊರಿಗೆ ಬರೀ ಈ ಸುದ್ದಿಗೆಂದು ಕಳಿಸಲಾಗುವುದಿಲ್ಲ, ಮಂತ್ರಿಗಳು ಬಂದಾಗ ಬರುತ್ತಾರೆ, ಆ ದಿನ ದಾರಿಯಲ್ಲಿ ಏನಾದರೂ ಸಿಕ್ಕರೆ ತೆಗೆಯಬಹುದು.

ಬೇರೆ ಯಾರಾದರೂ ಆಗಿದ್ದರೆ ಬೇಜಾರು ಮಾಡಿಕೊಂಡು ಬರುತ್ತಿದ್ದರು. ಸಿಸ್ಟ್ರಮ್ಮ ನಮ್ಮ ಮೆಟ್ಟಿಲು ಹತ್ತಿ ಬಂದಾಗ ಮುಖ ಅರಳಿತ್ತು. “ನಮ್ಮ ನೋವು ಅವರ ದಾರಿ ಮ್ಯಾಲೆ ಇರಬೇಕು ಮಾಸ್ತರ್ರೆ. ಅವರು ದಾರಿ ಬಿಟ್ಟು ಬರಂಗಿಲ್ಲ. ತಪ್ಪು ಅವರದಲ್ಲ, ನಾವು ದಾರಿ ಮ್ಯಾಲೆ ಇಟ್ಟಿರಲಿಲ್ಲ.”

ಅಲ್ಲಿಂದ ಮೂರು ತಿಂಗಳು ಅವರು ಮಾಡಿದ್ದನ್ನು ನಾನು ಬೆರಗಿನಿಂದ ನೋಡಿದ್ದೇನೆ. ಮಿಲ್ಲಿನ ರೋಗಿಗಳ ಒಂದು ಸಂಘ ಕಟ್ಟಿದ್ದರು. ಸಂಘ ಎಂದರೆ ಇಪ್ಪತ್ತೆರಡು ಜನ, ಒಂದು ನೋಟ್‌ಬುಕ್ಕು. ಭಾನುವಾರ ನನ್ನ ಇನ್‌ಸ್ಟಿಟ್ಯೂಟಿನಲ್ಲಿ ಸೇರುವುದೆಂದಾಗಿತ್ತು. ಆದರೆ ಮೊದಲ ವಾರವೇ ಅರ್ಧ ಜನಕ್ಕೆ ಮೆಟ್ಟಿಲು ಹತ್ತಲಾಗಲಿಲ್ಲ. ಏಳನೆಯದಕ್ಕೆ ಒಬ್ಬ, ಒಂಬತ್ತನೆಯದಕ್ಕೆ ಒಬ್ಬ ಗೋಡೆ ಹಿಡಿದು ನಿಂತುಬಿಟ್ಟರು. ಅಂದಿನಿಂದ ಮುಚ್ಚಿದ ಬೆಲ್ಲದ ಅಂಗಡಿಯ ಕಟ್ಟೆಯ ಮೇಲೆ ಸಭೆ. ಸಿಸ್ಟ್ರಮ್ಮ ಆ ದಿನ ಕೆಳಗೆ ನಿಂತು, ಗೋಡೆ ಹಿಡಿದವರನ್ನು ಬಹಳ ಹೊತ್ತು ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, “ಇದು ಕಾಣ್ತೈತೆ ನೋಡ್ರಿ” ಎಂದರು.

ಮಾತಾಡುವುದನ್ನೂ ಕಲಿಸಿದರು. “ಹೆಸರು, ಎಷ್ಟು ವರ್ಷ ದುಡಿದ್ರಿ, ಈಗ ಏನಾಗೈತೆ. ಮೂರೇ ಮಾತು. ಒಂದೇ ಉಸಿರಿಗೆ ಆಗಬೇಕು.” ಒಬ್ಬಾತ ಲೋಕಿಕೆರೆಯಲ್ಲಿ ತನಗಿದ್ದ ಹೊಲದಿಂದ ಶುರು ಮಾಡಿ, ಅದು ಅಣ್ಣನ ಪಾಲಿಗೆ ಹೋದದ್ದಕ್ಕೆ ಬಂದು, ಇನ್ನೂ ಮಿಲ್ಲಿನ ಗೇಟು ಮುಟ್ಟಿರಲಿಲ್ಲ, ಸಿಸ್ಟ್ರಮ್ಮ ಎದೆಯ ಗಡಿಯಾರ ಎತ್ತಿ ತೋರಿಸಿ, “ವಾರ್ತೆ ಮುಗೀತಪ್ಪ, ಈಗ ಹವಾಮಾನ” ಎಂದರು. ಎಲ್ಲರೂ ನಕ್ಕರು. ನಕ್ಕವರು ಕೆಮ್ಮಿದರು. ಕೆಮ್ಮು ನಿಲ್ಲುವವರೆಗೆ ಕಾದು ಮತ್ತೆ ಕಲಿಸಿದರು.

ಎಲ್ಲರಿಗಿಂತ ಚೆನ್ನಾಗಿ ಕಲಿತವರು ಬಶೀರ್ ಸಾಬ್. ಹಿಂಜುವ ಖಾತೆಯಲ್ಲಿ ಹತ್ತೊಂಬತ್ತು ವರ್ಷ ದುಡಿದು ಬಿಟ್ಟವರು. ಹರೆಯದಲ್ಲಿ ಗರಡಿಗೆ ಹೋಗುತ್ತಿದ್ದರಂತೆ. ಮೈ ಕರಗಿದ್ದರೂ ಹೆಗಲ ಅಗಲ ಉಳಿದಿತ್ತು, ದಪ್ಪ ಹುಬ್ಬು, ಕೂತರೆ ಬೆನ್ನು ನೆಟ್ಟಗೆ. “ನನ್ನ ಮಕ ಚಲೋ ಬರ್ತೈತೆ ಸಿಸ್ಟ್ರಮ್ಮ, ನನ್ನನ್ನೇ ಹತ್ತಿಸ್ರಿ” ಎಂದು ಅವರಾಗಿಯೇ ಮುಂದೆ ಬಂದರು. ಅವರ ಹೆಂಡತಿ ಮೆಹಬೂಬಿ ಪಕ್ಕದಲ್ಲೇ ಇದ್ದರು. “ಹತ್ತಿ ಬೀಳೋದಕ್ಕೆ ಇವರೇ ಬೇಕಾಗಿತ್ತು” ಎಂದು ಬೈದರು. ಬೈಯುವಾಗಲೂ ಆ ಕಣ್ಣಲ್ಲಿ ಒಂದಿಷ್ಟು ಹೆಮ್ಮೆ ಇತ್ತು.

ಮಂತ್ರಿಗಳ ಪ್ರವಾಸ ಪತ್ರಿಕೆಯಲ್ಲಿ ಬಂತು. ಬೆಳಿಗ್ಗೆ ಹರಿಹರದಲ್ಲಿ ಒಂದು ಉದ್ಘಾಟನೆ, ಸಂಜೆ ನಾಲ್ಕಕ್ಕೆ ದಾವಣಗೆರೆಯಲ್ಲಿ ಇನ್ನೊಂದು. ನಡುವೆ ಊಟ. ಟಿ.ವಿ.ಯವರು ಎಲ್ಲಿ ಉಣ್ಣುತ್ತಾರೆ ಎಂದು ಸಿಸ್ಟ್ರಮ್ಮ ಪತ್ತೆ ಮಾಡಿದರು: ಮಂಡಿಪೇಟೆ ಹತ್ತಿರದ ಒಂದು ಖಾನಾವಳಿ, ನಮ್ಮ ಮೆಟ್ಟಿಲಿನಿಂದ ನಾಲ್ಕು ನಿಮಿಷದ ನಡಿಗೆ. ಖಾನಾವಳಿಯ ಯಜಮಾನರಿಗೆ, “ಅವರಿಗೆ ಲಗೂನ ರೊಟ್ಟಿ ಹಾಕ್ರಿ, ಕಾಯಿಸಬ್ಯಾಡ್ರಿ” ಎಂದು ಹೇಳಿಬಂದರು. ಮೆಣಸಿನಕಾಯಿ ಮಂಡಿಯ ಸೇಠರಿಗೆ ಕೈಮುಗಿದು ಚೀಲಗಳನ್ನು ಒಳಗೆ ಸರಿಸಿಸಿದರು. “ಘಾಟಿಗೆ ಕ್ಯಾಮೆರಾದವರೂ ಕೆಮ್ಮಿಬಿಟ್ರೆ ನಮ್ಮ ಕಥಿ ಮುಗೀತು.” ಹರಿಹರದ ಸಭೆಯಲ್ಲೇ ಆ ತಂಡದ ವರದಿಗಾರರನ್ನು ಹಿಡಿದು, ನಾನು ಹೊಡೆದುಕೊಟ್ಟಿದ್ದ ಎಂಟು ಸಾಲಿನ ಚೀಟಿ ಕೊಟ್ಟು, “ಊಟ ಆದ ಮ್ಯಾಲೆ ಹತ್ತು ನಿಮಿಷ ಸಾಕು” ಎಂದರು. ಅವರು ಒಪ್ಪಿದರು.

ಮೂರು ಗಂಟೆಗೆ ಬಂದರು. ಕ್ಯಾಮೆರಾದವರು ಮೇಲೆ ನನ್ನ ಬಾಗಿಲಲ್ಲಿ ನಿಂತರು, ಕೆಳಗಿನ ಬೀದಿಯ ಬೆಳಕು ಬಶೀರ್ ಸಾಬರ ಹಿಂದೆ ಬೀಳುವಂತೆ. ಬಶೀರ್ ಸಾಬರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಹತ್ತತೊಡಗಿದರು. ಆರನೆಯ ಮೆಟ್ಟಿಲಿಗೆ ನಿಂತರು, ಒಂಬತ್ತಕ್ಕೆ ಗೋಡೆ ಹಿಡಿದರು. ಅವರ ಉಸಿರಿನ ಸದ್ದು ಮೇಲಿದ್ದ ನಮಗೆ ಕೇಳುತ್ತಿತ್ತು. ತುದಿ ಮುಟ್ಟಿ, ಬಾಗಿಲ ಚೌಕಟ್ಟು ಹಿಡಿದು, ಹೆಸರು, ವರ್ಷ, ಏನಾಗಿದೆ ಎಂಬುದನ್ನು ಕಲಿಸಿದಂತೆಯೇ ಹೇಳಿದರು. ಒಂದೇ ಉಸಿರಿಗೆ ಆಗಲಿಲ್ಲ, ಐದು ಉಸಿರು ಬೇಕಾಯಿತು.

ಕ್ಯಾಮೆರಾದವರು ತಲೆ ಅಲ್ಲಾಡಿಸಿದರು. ನಡುವೆ ಕೆಳಗೆ ಒಂದು ಲಾರಿ ಬಂದು ಸಂದಿಯ ಬಾಯಿಗೆ ಅಡ್ಡ ನಿಂತು ಬೆಳಕು ಹೋಗಿತ್ತು. “ಇನ್ನೊಂದ್ಸಲ ಆಗುತ್ತಾ?”

ಬಶೀರ್ ಸಾಬರು ಇಳಿದರು, ಮತ್ತೆ ಹತ್ತಿದರು. ಈ ಸಲ ಹನ್ನೆರಡನೆಯ ಮೆಟ್ಟಿಲಲ್ಲಿರುವಾಗ ಬ್ಯಾಟರಿ ಮುಗಿಯಿತು. ಅದು ಅವರಿಗೆ ಗೊತ್ತಾಗದೆ ತುದಿಯವರೆಗೆ ಬಂದು ಮೂರು ಮಾತನ್ನೂ ಹೇಳಿದರು. ಬೇರೆ ಬ್ಯಾಟರಿ ಹಾಕುವಾಗ ಸಿಸ್ಟ್ರಮ್ಮ ಬಶೀರ್ ಸಾಬರನ್ನು ನನ್ನ ಕುರ್ಚಿಯಲ್ಲಿ ಕೂರಿಸಿ ಕೈ ಹಿಡಿದರು. ಇನ್ನೊಂದು ಕೈಯಲ್ಲಿ ಎದೆಯ ಗಡಿಯಾರ. ಸಿಸ್ಟ್ರಮ್ಮನ ತುಟಿ ಅಲುಗುತ್ತಿದ್ದುದನ್ನು ನಾನು ನೋಡಿದೆ. ಎಣಿಸಿ ಮುಗಿದ ಮೇಲೂ ಕೈ ಬಿಡಲಿಲ್ಲ. ತಲೆ ಎತ್ತಿ ನನ್ನನ್ನು ನೋಡಿದರು.

ಆ ನೋಟ ಏನು ಕೇಳುತ್ತಿತ್ತು ಎಂದು ನನಗೆ ಗೊತ್ತಿತ್ತು. ಕೆಳಗೆ ಟಿ.ವಿ.ಯವರ ಜೀಪಿನ ಡ್ರೈವರು ಹಾರ್ನ್ ಹೊಡೆಯುತ್ತಿದ್ದ. ಮೂರು ತಿಂಗಳ ಕೆಲಸ, ಇಪ್ಪತ್ತೆರಡು ಜನ, ಒಂದು ಮಧ್ಯಾಹ್ನ. ನಾನು ಹೂಂ ಎಂದು ತಲೆ ಆಡಿಸಿದೆ.

“ಇನ್ನೊಂದ್ಸಲ ಆಗ್ತೈತೇನಪ್ಪ?” ಎಂದರು ಸಿಸ್ಟ್ರಮ್ಮ.

“ನೀವು ಅಂದ್ರೆ ಆಗ್ತೈತೆ” ಎಂದರು ಬಶೀರ್ ಸಾಬ್.

ಮೂರನೆಯ ಸಲ ಹನ್ನೊಂದನೆಯ ಮೆಟ್ಟಿಲಲ್ಲಿ ಕೂತುಬಿಟ್ಟರು. ಬಾಯಿ ತೆರೆದಿತ್ತು, ತುಟಿ ನೀಲಿಯಾಗಿತ್ತು. ನಮ್ಮನ್ನು ನೋಡಿ ನಗಲು ಪ್ರಯತ್ನಿಸುತ್ತಿದ್ದರು. ನಾನೂ ಜೀಪಿನ ಡ್ರೈವರೂ ಎರಡೂ ಕಡೆ ಹಿಡಿದು ಕೆಳಗಿಳಿಸಿ ಬೆಲ್ಲದ ಅಂಗಡಿಯ ಕಟ್ಟೆಯ ಮೇಲೆ ಮಲಗಿಸಿದೆವು. ಅರ್ಧ ಗಂಟೆಯಲ್ಲಿ ಸುಧಾರಿಸಿಕೊಂಡರು. ಚಹಾ ಕುಡಿದರು. ಟಾಂಗಾದಲ್ಲಿ ಮನೆಗೆ ಹೋಗುವಾಗ, “ಯಾವತ್ತು ತೋರಿಸ್ತಾರಂತೆ?” ಎಂದು ಕೇಳಿದರು.

ಎರಡು ದಿನದ ಮೇಲೆ ಬಂತು. ನಾನು ನಮ್ಮ ಬೀದಿಯ ಮನೆಯೊಂದರಲ್ಲಿ ನೋಡಿದೆ, ಸಿಸ್ಟ್ರಮ್ಮ ಹರಿಹರದಲ್ಲಿ ನೋಡಿದರು. ಮಂತ್ರಿಗಳ ಮುಖ ಆದ ಕೂಡಲೇ, ಅವರು ಹೇಳಿದ್ದಂತೆಯೇ, ನನ್ನ ಮೆಟ್ಟಿಲು. ಬಿಳಿ ಅಂಗಿ. ಗೋಡೆಗೆ ಊರಿದ ಕೈ. ಆಮೇಲೆ ದಪ್ಪ ಹುಬ್ಬಿನ ಮುಖ ತೆರೆ ತುಂಬ. ವಾರ್ತೆ ಓದುವವರು ಎರಡೇ ವಾಕ್ಯ ಹೇಳಿ ಸುಮ್ಮನಾಗಿದ್ದರು. ಉಸಿರಿನ ಸದ್ದಷ್ಟೇ ಕೇಳುತ್ತಿತ್ತು. ನಾನಿದ್ದ ಮನೆಯಲ್ಲಿ ಊಟ ಬಡಿಸುತ್ತಿದ್ದವರು ಸೌಟು ಹಿಡಿದು ಹಾಗೇ ನಿಂತಿದ್ದರು.

ಬಶೀರ್ ಸಾಬರು ಮಾತ್ರ ನೋಡಲಿಲ್ಲ. ಅವರ ಓಣಿಯ ಚಹಾದಂಗಡಿಯಲ್ಲಿ ಟಿ.ವಿ. ಮುಂದೆ ಓಣಿಗೆ ಓಣಿಯೇ ಸೇರಿತ್ತು. ಅವರಿಗೆ ಮುಂದೆ ಕುರ್ಚಿ ಹಾಕಿದ್ದರು. ಮೆಹಬೂಬಿ, ಮಗಳು ಹಿಂದೆ ನಿಂತಿದ್ದರು. ಮಂತ್ರಿಗಳು ರಿಬ್ಬನ್ನು ಕತ್ತರಿಸುವಾಗ ಆ ಕಡೆಯ ಕರೆಂಟು ಹೋಯಿತು. ಬಂದಾಗ ಹವಾಮಾನ ಹೇಳುತ್ತಿದ್ದರು. ಮರುದಿನ ಅವರು ನನ್ನ ಇನ್‌ಸ್ಟಿಟ್ಯೂಟಿನ ಕೆಳಗೆ ಬಂದು, ಮೇಲೆ ಹತ್ತದೆ, ಬೀದಿಯಿಂದಲೇ ಕೂಗಿ ಕೇಳಿದರು: “ಹೆಂಗೆ ಬಂದೈತ್ರಿ ಮಾಸ್ತರ್ರೆ?”

“ಚಲೋ ಬಂದೈತೆ” ಎಂದೆ.

ಮೆಟ್ಟಿಲು ಹತ್ತಿದ ಹನ್ನೊಂದನೆಯ ದಿನಕ್ಕೆ ಅವರು ತೀರಿಕೊಂಡರು.

ಅವರ ಎದೆ ಮೊದಲೇ ಮುಗಿದಿತ್ತು, ಇನ್ನು ಎರಡು ತಿಂಗಳೋ ಮೂರು ತಿಂಗಳೋ ಇದ್ದರೇನೋ ಎಂದು ಡಾಕ್ಟರು ಹೇಳಿದರು. ಯಾರೂ ಸಿಸ್ಟ್ರಮ್ಮನನ್ನು ದೂರಲಿಲ್ಲ. ಮೆಹಬೂಬಿ ಕೂಡ. ಸರ್ಕಾರದಿಂದ ಡಾಕ್ಟರುಗಳ ತಂಡ ಬಂತು, ಎಕ್ಸ್‌ರೇ ತೆಗೆದರು, ಚೀಟಿಯ ಮೇಲೆ ಮೊದಲ ಸಲ ‘ಹತ್ತಿ ದೂಳಿನಿಂದ’ ಎಂದು ಬರೆದರು. ಮಿಲ್ಲಿನವರು ಗಾಳಿ ಎಳೆಯುವ ದೊಡ್ಡ ಫ್ಯಾನು ಹಾಕಿದರು. ಬೇರೆ ಊರುಗಳಿಂದ ಜನ ನನ್ನ ಇನ್‌ಸ್ಟಿಟ್ಯೂಟಿಗೆ ಬಂದು, “ಟಿ.ವಿ.ಗೆ ಹೆಂಗೆ ಬರೋದು ಅಂತ ಹೇಳಿಕೊಡೋ ಸಿಸ್ಟ್ರಮ್ಮ ಇಲ್ಲೇ ಸಿಗ್ತಾರೇನ್ರಿ?” ಎಂದು ಕೇಳತೊಡಗಿದರು. ಬೀದಿ ಗುಡಿಸುವವರು ಬಂದರು, ಕುರುಡರ ಸಂಘದವರು ಬಂದರು. ಸಿಸ್ಟ್ರಮ್ಮ ಎಲ್ಲರನ್ನೂ ಕೂರಿಸಿ ಹೇಳಿಕೊಟ್ಟರು: ಒಂದು ಪುಟ ಸಾಕು; ಹಗಲು ಬೆಳಕಲ್ಲಿ ಇರಲಿ; ಅವರ ದಾರಿ ಮೇಲಿರಲಿ; ನಿಮ್ಮ ಲೀಡರನ್ನ ಮುಂದೆ ತರಬೇಡಿ, ಅನುಭವಿಸಿದವರು ಮಾತಾಡಲಿ. ಕಡೆಗೆ ಒಂದು ಮಾತು ಸೇರಿಸುತ್ತಿದ್ದರು. “ಒಂದೇ ಸಲ. ಅವರಿಗೆ ಸಿಕ್ರೆ ಸಿಕ್ತು, ತಪ್ಪಿದ್ರೆ ತಪ್ತು. ಎರಡನೇ ಸಲ ಮಾಡ್ರಿ ಅಂದ್ರೆ ನಾ ನಿಮ್ಮ ಜೊತೆ ಇರಂಗಿಲ್ಲ.”

ಅದು ಬರೀ ಮಾತಲ್ಲ ಎಂದು ಮರುವರ್ಷ ಗೊತ್ತಾಯಿತು. ಹರಿಹರದ ಪಕ್ಕ ಗುತ್ತೂರಿನಲ್ಲಿ ಒಂದು ಕೇರಿಯವರ ಬೋರ್‌ವೆಲ್ ಕೆಟ್ಟು, ಹೆಂಗಸರು ಹೊಳೆಯ ಕಡಿದಾದ ದಂಡೆ ಇಳಿದು ನೀರು ತರುತ್ತಿದ್ದರು. ಅಲ್ಲಿನ ಯುವಕನೊಬ್ಬ ಸಿಸ್ಟ್ರಮ್ಮನ ಹಿಂದೆ ಬಿದ್ದು ಎಲ್ಲವನ್ನೂ ಕಲಿತು, ಒಂದು ಬೆಳಿಗ್ಗೆ ಟಿ.ವಿ.ಯವರನ್ನು ದಂಡೆಗೆ ಕರೆತಂದ. ತುಂಬಿದ ಕೊಡ ಹೊತ್ತ ಐದಾರು ಹೆಂಗಸರು ಹತ್ತಿ ಬಂದರು. ಅವರಲ್ಲಿ ಒಬ್ಬಾಕೆ ಏಳು ತಿಂಗಳ ಬಸುರಿ. ಸೂರ್ಯ ಕ್ಯಾಮೆರಾಕ್ಕೆ ನೇರವಾಗಿ ಹೊಡೆದು ಏನೂ ಬರಲಿಲ್ಲ. ಆ ಕಡೆಯಿಂದ ಇನ್ನೊಂದು ಸಲ ಹತ್ತಿ ಎಂದರು ಕ್ಯಾಮೆರಾದವರು.

“ಆಗಂಗಿಲ್ಲ” ಎಂದರು ಸಿಸ್ಟ್ರಮ್ಮ.

“ನಾವು ದಿನಾ ಆರು ಸಲ ಹತ್ತತೀವಿ ಯವ್ವಾ, ಇನ್ನೊಂದ್ಸಲಕ್ಕೆ ಏನಾಗ್ತೈತೆ?” ಎಂದು ಹೆಂಗಸರೇ ಹೇಳಿದರು. ಯುವಕ ಕಾಲು ಹಿಡಿದ. ಸಿಸ್ಟ್ರಮ್ಮ ದಂಡೆಯ ದಾರಿಗೆ ಅಡ್ಡ ನಿಂತುಬಿಟ್ಟರು, ಎರಡೂ ಕೈ ಅಗಲಿಸಿ. ಟಿ.ವಿ.ಯವರಿಗೆ ಬೇರೆ ಕೆಲಸ ಇತ್ತು, ಹೋದರು. ಸುದ್ದಿ ಬರಲಿಲ್ಲ. ಆ ಕೇರಿಗೆ ನಲ್ಲಿ ಬಂದಿದ್ದು ಎರಡು ವರ್ಷದ ಮೇಲೆ. ಅಷ್ಟರಲ್ಲಿ ಆ ಯುವಕನ ಅಜ್ಜಿ ದಂಡೆಯಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಅವನು ಹರಿಹರದ ಮನೆಗೇ ಬಂದು ಬಾಗಿಲಲ್ಲಿ ನಿಂತು ಕೇಳಿದ. ಆಗ ನಾನೂ ಅಲ್ಲಿದ್ದೆ.

“ಅವತ್ತು ನೀವು ಹೂಂ ಅಂದಿದ್ರೆ ನಮ್ಮಜ್ಜಿ ಇವತ್ತು ಓಡಾಡಿಕೊಂಡು ಇರ್ತಿದ್ಲು, ಗೊತ್ತೈತೇನ್ರಿ?”

“ಹೌದಪ್ಪ” ಎಂದರು ಸಿಸ್ಟ್ರಮ್ಮ. “ಒಂದು ಕಡೆ ಹತ್ತು ಅಂದೆ, ಒಂದು ಕಡೆ ಬ್ಯಾಡ ಅಂದೆ. ಎರಡೂ ತಪ್ಪಾತು. ಯಾವುದು ಸಣ್ಣದು ಅಂತ ಹೇಳೋರು ನನಗೆ ಯಾರೂ ಸಿಕ್ಕಿಲ್ಲ.”

ಅವನಿಗೆ ಅರ್ಧ ಅರ್ಥವಾಗಲಿಲ್ಲ. ಹೊರಟುಹೋದ. ಮರುದಿನದಿಂದ ಸಿಸ್ಟ್ರಮ್ಮ ಗುತ್ತೂರಿಗೆ ನಡೆದು ಹೋಗಿ ಆ ಅಜ್ಜಿಯ ಬೆನ್ನಿನ ಹುಣ್ಣು ತೊಳೆದು ಬರುತ್ತಿದ್ದರು, ಆಕೆ ಇರುವವರೆಗೆ. ಯುವಕ ಅವರ ಜೊತೆ ಮಾತಾಡಲಿಲ್ಲ. ಬಾಗಿಲು ಮಾತ್ರ ತೆರೆಯುತ್ತಿದ್ದ.

ಮೆಹಬೂಬಿಯ ಮಗಳಿಗೆ ಮದುವೆ ಗೊತ್ತಾದದ್ದು ಅದೇ ಸುಮಾರಿಗೆ. ಹುಡುಗಿ ಒಂದು ಮಾತು ಕೇಳಿದಳಂತೆ: ನಿಕಾಹ್‌ಗೆ ಮುಂಚೆ ಅಬ್ಬಾನ ಮುಖ ಒಂದು ಸಲ ನೋಡಬೇಕು. ಮನೆಯಲ್ಲಿ ಅವರ ಒಂದೂ ಫೋಟೋ ಇರಲಿಲ್ಲ. ಮಿಲ್ಲಿನ ಪಾಸಿನ ಮೇಲೊಂದು ಚಿಕ್ಕದಿತ್ತು. ಕೆಲಸ ಬಿಟ್ಟಾಗ ಪಾಸನ್ನು ವಾಪಸು ಕೊಡಬೇಕಾಗಿತ್ತು. ಮೆಹಬೂಬಿ ಸಿಸ್ಟ್ರಮ್ಮನನ್ನು ಹುಡುಕಿಕೊಂಡು ನನ್ನಲ್ಲಿಗೆ ಬಂದರು. “ಟಿ.ವಿ.ಯೋರ ಹತ್ರ ನಮ್ಮನೆಯವರು ಅದಾರಲ್ರಿ? ಊರೆಲ್ಲ ನೋಡೈತೆ, ನಾವೇ ನೋಡಿಲ್ಲ. ಒಂದು ಸಲ ತೋರಿಸಿದ್ರೆ ಸಾಕು.”

ಮೂವರೂ ಬೆಂಗಳೂರಿಗೆ ಹೋದೆವು. ಹಿಂದೆ ಮಾತಾಡಿದ್ದ ಹಿರಿಯರು ವರ್ಗವಾಗಿ ಹೋಗಿದ್ದರು. ಎಡಿಟಿಂಗ್ ವಿಭಾಗದಿಂದ ಒಬ್ಬ ತರುಣಿ ಬಂದು ನಮ್ಮ ಎದುರು ಕೂತರು. ಟೇಪು ಇಲ್ಲ ಎಂದರು. ವಾರ್ತೆಯ ಟೇಪುಗಳನ್ನು ಕೆಲವು ದಿನ ಇಟ್ಟು, ಆಮೇಲೆ ಅದರ ಮೇಲೆಯೇ ಬೇರೆಯದನ್ನು ತೆಗೆಯುತ್ತಾರೆ. ಎಲ್ಲವನ್ನೂ ಇಟ್ಟುಕೊಳ್ಳಲು ಆಗುವುದಿಲ್ಲ. ನಮಗೆ ಬೇಸರವಾದದ್ದನ್ನು ಕಂಡು, ಸಮಾಧಾನ ಹೇಳುವಂತೆ ಆಕೆ ಹೇಳಿದರು:

“ನನಗೆ ಅವರು ಚೆನ್ನಾಗಿ ನೆನಪಿದ್ದಾರೆ. ಬಿಳಿ ಅಂಗಿ ಅಲ್ವಾ? ನಾನೇ ಎಡಿಟ್ ಮಾಡಿದ್ದು. ಮೂರು ಸಲ ತೆಗೆದಿದ್ರು. ನಾನು ಮೊದಲನೇದನ್ನೇ ಹಾಕಿದೆ. ಲಾರಿ ಅಡ್ಡ ಬರೋ ಹೊತ್ತಿಗೆ ನಮಗೆ ಬೇಕಾಗಿದ್ದೆಲ್ಲ ಸಿಕ್ಕಿತ್ತು, ಆಮೇಲೆ ತುದೀಲಿ ಮಾತಾಡಿದ್ದೂ ಇತ್ತು. ಉಳಿದೆರಡು ಬೇಕಾಗಲೇ ಇಲ್ಲ.”

ಸಿಸ್ಟ್ರಮ್ಮ ಆಕೆಯನ್ನೇ ನೋಡುತ್ತಿದ್ದರು. “ಬೇಕಾಗಲಿಲ್ಲ” ಎಂದರು. ಕೇಳಿದ್ದಲ್ಲ, ಹೇಳಿದ್ದೂ ಅಲ್ಲ. ಮೆಹಬೂಬಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು.

ಮರುದಿನ ಬೆಳಗಿನ ರೈಲಿನಲ್ಲಿ ವಾಪಸು ಹೊರಟೆವು. ಕಿಟಕಿಯ ಪಕ್ಕ ಮೆಹಬೂಬಿ, ಎದುರಿಗೆ ಸಿಸ್ಟ್ರಮ್ಮ. ಅರಸೀಕೆರೆ ಹೋಯಿತು, ಬೀರೂರು ಹೋಯಿತು. ಚಿಕ್ಕಜಾಜೂರು ದಾಟಿದ ಮೇಲೆ ಮೆಹಬೂಬಿ ಕಿಟಕಿಯಿಂದ ಮುಖ ತಿರುಗಿಸಿದರು.

“ಸಿಸ್ಟ್ರಮ್ಮ, ಒಂದು ಮಾತು. ಮೂರನೇ ಸಲ ಅವರು ತುದಿ ಮುಟ್ಟಿದ್ರೇನ್ರಿ?”

ಸಿಸ್ಟ್ರಮ್ಮ ಸುಳ್ಳು ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಸಾಯುವವರಿಗೂ ‘ಹುಷಾರಾಗ್ತೀರಿ’ ಎನ್ನದವರು. ಮೆಹಬೂಬಿಯ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು, “ಮುಟ್ಟಿದ್ರು ತಾಯಿ” ಎಂದರು. “ಮೂರು ಸಲನೂ ಮುಟ್ಟಿದ್ರು.”

ಮೆಹಬೂಬಿ ನನ್ನ ಕಡೆ ನೋಡಿದರು. ನಾನು ಕಿಟಕಿಯ ಹೊರಗೆ ನೋಡಿದೆ.

ದಾವಣಗೆರೆಯಲ್ಲಿ ನಾವಿಬ್ಬರೂ ಇಳಿದೆವು. ಸಿಸ್ಟ್ರಮ್ಮ ಅದೇ ರೈಲಿನಲ್ಲಿ ಹರಿಹರಕ್ಕೆ ಹೋಗಬೇಕಿತ್ತು. ರೈಲು ಹೊರಟಾಗ ಅವರು ಕೈ ಎತ್ತಲಿಲ್ಲ, ತಮ್ಮ ಅಂಗೈ ನೋಡಿಕೊಳ್ಳುತ್ತ ಕೂತಿದ್ದರು. ಕೊನೆಯ ಡಬ್ಬಿ ಹೋಗುವವರೆಗೆ ಮೆಹಬೂಬಿ ನಿಂತಿದ್ದು, ಆಮೇಲೆ ಹೇಳಿದರು.

“ಮೂರನೇ ಸಲ ಆಗಲಿಲ್ಲ ಅಂತ ನಮ್ಮನೆಯವರು ಅವತ್ತು ಸಂಜೆನೇ ಹೇಳಿದ್ರು. ನೀವು ಹೊತ್ಕಂಡು ಇಳಿಸಿದ್ದೂ ಹೇಳಿದ್ರು. ನಾಚಿಕಿ ಪಟ್ಕಂಡು ಹೇಳಿದ್ರು.”

“ಮತ್ತೆ ಯಾಕ ಕೇಳಿದ್ರಿ?”

“ಅವರ ಬಾಯಿಂದ ಕೇಳಬೇಕಿತ್ತು ಮಾಸ್ತರ್ರೆ. ಖರೇ ಹೇಳಿದ್ರೆ ಇಬ್ರೂ ಕೂಡಿ ಅಳ್ತಿದ್ವಿ, ಅಷ್ಟಕ್ಕೇ ಮುಗೀತಿತ್ತು. ನಾನೇನು ಬೈತಿದ್ನಾ? ಈಗ ಅವರು ಅಲ್ಲಿ ಒಬ್ರೇ ಅಳಬೇಕು, ನಾನಿಲ್ಲಿ.” ಸೆರಗು ಹೊದ್ದುಕೊಂಡು, “ಇದನ್ನ ಅವರಿಗೆ ಹೇಳ್ರಿ” ಎಂದರು.

ಹೇಳಬೇಕೆಂದೇ ನಾನು ಎಷ್ಟೋ ಸಲ ಹರಿಹರಕ್ಕೆ ಹೋದೆ. ಬೆಂಗಳೂರಿನಿಂದ ಬಂದ ಮೇಲೆ ಸಿಸ್ಟ್ರಮ್ಮ ಯಾರಿಗೂ ಏನನ್ನೂ ಕಲಿಸಲಿಲ್ಲ. ಸಂಘದ ನೋಟ್‌ಬುಕ್ಕನ್ನು ಬೇರೆಯವರಿಗೆ ಕೊಟ್ಟುಬಿಟ್ಟರು. ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿರುತ್ತಿದ್ದರು, ಬಂದವರ ಕೈ ಹಿಡಿಯುತ್ತಿರಲಿಲ್ಲ. “ಬರ್ರಿ ಮಾಸ್ತರ್ರೆ, ಕೂಡ್ರಿ” ಎನ್ನುವರು. ಮಾತು ನನ್ನ ಗಂಟಲಿಗೆ ಬರುವುದು. ಅದನ್ನು ಹೇಳಿದರೆ ತಾವು ಹೇಳಿದ ಒಂದೇ ಒಂದು ಸುಳ್ಳೂ ದಂಡವಾಯಿತೆಂದು ಅವರಿಗೆ ತಿಳಿಯುತ್ತದೆ. ಹೇಳದಿದ್ದರೆ ಮೆಹಬೂಬಿಯ ಕ್ಷಮೆ ಬಾಗಿಲಲ್ಲೇ ಉಳಿಯುತ್ತದೆ. ಚಹಾ ಕುಡಿದು ವಾಪಸು ಬರುತ್ತಿದ್ದೆ. ಅಂದು ನನ್ನ ಮುಖ ನೋಡಿದಾಗ ನಾನು ತಲೆ ಆಡಿಸಿದ್ದರ ಬಗ್ಗೆ ಅವರು ಒಂದು ದಿನವೂ ಮಾತೆತ್ತಲಿಲ್ಲ.

ಎರಡು ವರ್ಷ ಹೀಗೇ ಕಳೆದು, ಒಂದು ಮುಂಜಾನೆ ಅವರು ಹೋದ ಸುದ್ದಿ ಬಂತು. ನಾನು ಮುಟ್ಟುವಷ್ಟರಲ್ಲಿ ಪದ್ಧತಿಯಂತೆ ಅವರನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಹೆಂಗಸರ ನಡುವೆ ಮೆಹಬೂಬಿ ಕೂತಿದ್ದರು. ನನಗಿಂತ ಮೊದಲೇ ಬಂದಿದ್ದರು. ನನ್ನನ್ನು ಕಂಡು ಎದ್ದು ಬಾಗಿಲ ಹತ್ತಿರ ಬಂದರು.

“ನಾ ಅಂದಿದ್ದು ಅವರಿಗೆ ಹೇಳಿದ್ರೇನ್ರಿ ಮಾಸ್ತರ್ರೆ?”

“ಹೇಳಿದ್ದೆ” ಎಂದೆ.

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಒಳಗೆ ಹೋಗಿ, ಸಿಸ್ಟ್ರಮ್ಮನ ಪಕ್ಕದಲ್ಲಿ ಕೂತುಕೊಂಡರು.